ಬಂಡಿ ಟಾಕೀಸಿನ ಉಲ್ಟಾ ಬಾಜು

ಕಮಲಾಪುರದ ಬಂಡಿ ಟಾಕೀಸಿನ ಚರಿತ್ರೆ ಕೇಳಿದರೆ ಊರಲ್ಲಿ ಹತ್ತು ಜನ ಹತ್ತು ಥರ ಹೇಳುತ್ತಾರೆ. ಅದನ್ನು ಶುರು ಮಾಡಿದವರು ಗುಂಡಣ್ಣ ಸಾಹುಕಾರರು ಎಂಬುದೊಂದು ಬಿಟ್ಟರೆ ಉಳಿದದ್ದೆಲ್ಲ ಬುರುಡೆ. ಬುರುಡೆ ಬಿಡುವವರಲ್ಲಿ ಅರ್ಧ ಜನ ಚೀಟಿ ಇಲ್ಲದೆ ಗೋಡೆ ಹಾರಿ ಬಂದವರು. ಅವರ ಮುಖಗಳು ನನಗೆ ಇವತ್ತಿಗೂ ನೆನಪಿವೆ. ಅಲ್ಲಿ ಮಷಿನ್ ಓಡಿಸಿದವನು ನಾನು, ಮರೆಪ್ಪ. ಈ ನವೆಂಬರಿನಲ್ಲಿ ಹೈದರಾಬಾದ್ ರಾಜ್ಯವೇ ಒಡೆದು ನಾವು ಮೈಸೂರಿಗೆ ಸೇರಿದೆವು. ಅದೇ ವಾರ ಟಾಕೀಸಿನ ಗೋಡೆಯನ್ನೂ ಕೆಡವಿ ಹೊಲ ಮಾಡಿದರು. ಇನ್ನು ನಾನು ಬಾಯಿ ಮುಚ್ಚಿಕೊಂಡಿರಲು ಕಾರಣವಿಲ್ಲ.

ಅಲ್ಲಿ ಜನ ಬಂಡಿಯಲ್ಲಿ ಕೂತೇ ಸಿನಿಮಾ ನೋಡುತ್ತಿದ್ದರು. ದೊಡ್ಡ ರಸ್ತೆಗೆ ಹತ್ತಿದ ಹೊಲ, ಸುತ್ತ ಎದೆಮಟ್ಟದ ಮಣ್ಣಿನ ಗೋಡೆ, ಒಂದು ತುದಿಗೆ ಎರಡು ಕಂಬಗಳ ನಡುವೆ ಬಿಗಿದ ಬಿಳಿ ಅರಿವೆಯ ಪರದೆ. ದೀಪ ಹಚ್ಚುವ ಹೊತ್ತಿಗೆ ಮಹಾಗಾಂವದ ಕಡೆಯಿಂದ, ಸುತ್ತಲಿನ ಹಳ್ಳಿಗಳಿಂದ ಬಂಡಿಗಳು ಸಾಲುಗಟ್ಟಿ ಬರುತ್ತಿದ್ದವು. ಎತ್ತು ಬಿಚ್ಚಿ ಗಾಲಿಗೆ ಕಟ್ಟಿ, ನೊಗ ನೆಲಕ್ಕೆ ಇಳಿಸಿದರೆ ಬಂಡಿ ಮುಂದಕ್ಕೆ ಬಾಗಿ ನಿಲ್ಲುತ್ತದೆ. ಮೇಲೆ ಜೋಳದ ಕಣಿಕೆ ಹಾಸಿ ಕೂತರೆ ಹಿಂದಿನವನಿಗೆ ಮುಂದಿನವನ ತಲೆಯ ಪಟಗಾ ಅಡ್ಡ ಬರುವುದಿಲ್ಲ. ಬಂಡಿಗೊಂದೇ ಚೀಟಿ, ಒಳಗೆ ಎಷ್ಟು ಜನ ಎಂದು ಕೇಳುವ ಹಾಗಿಲ್ಲ. ಹಾಗಾಗಿ ಒಂದೊಂದು ಬಂಡಿಯಿಂದ ಇಪ್ಪತ್ತು ಇಪ್ಪತ್ತು ಮಂದಿ ಇಳಿಯುತ್ತಿದ್ದರು. ಸಾಹುಕಾರರು ಗೇಟಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದರು.

ಪರದೆಯ ಹಿಂದೆಯೂ ಜನ ಕೂಡುತ್ತಿದ್ದರು. ಅದಕ್ಕೆ ಉಲ್ಟಾ ಬಾಜು ಎಂದು ಹೆಸರು. ನಮ್ಮ ಕೇರಿಯವರಿಗೆ ಬಂಡಿಗಳ ಕಡೆ ಬರುವ ಹಕ್ಕಿರಲಿಲ್ಲ, ಹಿಂದೆ ನೆಲದ ಮೇಲೆ ಕೂತು ನೋಡಬೇಕು. ಆಟಕ್ಕೆ ಮೊದಲು ಪರದೆಗೆ ಚೆನ್ನಾಗಿ ನೀರು ಹೊಡೆದರೆ ಬೆಳಕು ಅರಿವೆ ದಾಟಿ ಹಿಂದೆಯೂ ಚಿತ್ರ ಮೂಡುತ್ತದೆ. ಮೂಡುತ್ತದೆ ನಿಜ, ಎಲ್ಲವೂ ಉಲ್ಟಾ. ಟಾಕೀಸು ಶುರುವಾದಾಗ ನನಗೆ ಹದಿನಾಲ್ಕು. ಐದು ವರ್ಷ ನಾನು ಸಿನಿಮಾದ ಜನರೆಲ್ಲ ಎಡಚರು ಎಂದೇ ತಿಳಿದಿದ್ದೆ. ಪರದೆಯ ಮೇಲೆ ಬರುತ್ತಿದ್ದ ಉರ್ದು ಅಕ್ಷರಗಳನ್ನೂ ಆ ಕಡೆಯಿಂದಲೇ ನೋಡಿದ್ದೆ. ಓದಲು ಬರುತ್ತಿರಲಿಲ್ಲ, ಅವುಗಳ ಆಕಾರ ಮಾತ್ರ ಕಣ್ಣಿನಲ್ಲಿ ಕೂತುಬಿಟ್ಟಿತ್ತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆ ಕಡೆಯಿಂದ ನನ್ನನ್ನು ಎಬ್ಬಿಸಿ ಮಷಿನ್ ಖೋಲಿಗೆ ಕರೆದೊಯ್ದವರು ಸಿಕಂದರ್ ಉಸ್ತಾದರು. ಕಲಬುರಗಿಯ ಮೋಮಿನಪುರದವರು. ಗುರುವಾರ ಬಸ್ಸಿಗೆ ಬಂದು ರವಿವಾರದ ಆಟ ಮುಗಿಸಿ ಹೋಗುತ್ತಿದ್ದರು. ಎಡಗಾಲಿನ ಮೇಲೆ ಒಮ್ಮೆ ಮಷಿನ್ನಿನ ಪೆಟ್ಟಿಗೆ ಬಿದ್ದು ಕಿರುಬೆರಳು ಹೋಗಿತ್ತು. "ನಾಕ ಬೆರಳಿನವ ನಾ, ನನ್ನ ಹೆಜ್ಜಿ ನೀ ಎಲ್ಲಿದ್ರೂ ಗುರುತು ಹಿಡೀತಿ" ಎಂದು ನಗುತ್ತಿದ್ದರು. ನಮ್ಮ ಕೇರಿಯ ಹುಡುಗನಿಗೆ ಮಷಿನ್ ಮುಟ್ಟಿಸಿದ್ದಕ್ಕೆ ಊರಿನ ನಾಲ್ಕು ಜನ ಹಿರಿಯರು ತಕರಾರು ತಂದರು. ಉಸ್ತಾದರು ಅವರಿಗೆ, "ಹಂಗಾರ ನೀವ ಬಂದು ಓಡಸ್ರಿ" ಎಂದರು. ತಕರಾರು ಅಲ್ಲಿಗೇ ಮುಗಿಯಿತು.

ಅವರು ನನಗೆ ಕಲಿಸಿದ್ದರಲ್ಲಿ ನನಗೆ ಬಹಳ ಸೇರಿದ್ದು ಗಾಜಿನ ಕೆಲಸ. ಅಂಗೈ ಅಗಲದ ಗಾಜನ್ನು ಚಿಮಣಿ ದೀಪದ ಮೇಲೆ ಹಿಡಿದು ಮಸಿ ಕೂರಿಸಬೇಕು, ಮಸಿಯ ಮೇಲೆ ಸೂಜಿಯಿಂದ ಬರೆಯಬೇಕು. ಒಂದು ರೀಲು ಮುಗಿದು ಇನ್ನೊಂದು ಹಾಕುವ ನಡುವೆ ಆ ಗಾಜನ್ನು ಬೆಳಕಿಗೆ ಇಟ್ಟರೆ ಪರದೆಯ ಮೇಲೆ ಆಳೆತ್ತರದ ಅಕ್ಷರ. ಯಾರದೋ ಎತ್ತು ಹಗ್ಗ ಹರಿದುಕೊಂಡಿದೆ, ಯಾರದೋ ಹೆಂಡತಿಗೆ ಬೇನೆ ಬಂದಿದೆ, ಗೇಟಿಗೆ ಬಾ ಎಂದು ಕನ್ನಡದಲ್ಲಿ ಬರೆಯುತ್ತಿದ್ದೆವು. ಹೆಸರು ಪರದೆಯ ಮೇಲೆ ಬಂತೆಂದರೆ ಆ ಮನುಷ್ಯ ಎದ್ದು ಗೇಟಿಗೆ ಹೋಗಲೇಬೇಕು. ಅದು ಟಾಕೀಸಿನ ಕಾಯಿದೆ. ಕಥೆ ಎಷ್ಟೇ ಬಿಗಿಯಾಗಿರಲಿ, ಬೈದುಕೊಂಡಾದರೂ ಹೋಗುತ್ತಿದ್ದರು. ಹೋಗದೆ ಕೂತವನನ್ನು ನಾನು ಒಬ್ಬನನ್ನೂ ಕಾಣಲಿಲ್ಲ.

ಗಾಜನ್ನು ಮಷಿನ್ನಿಗೆ ತಲೆಕೆಳಗಾಗಿ ತೂರಿಸಬೇಕು, ಎಡಬಲ ತಪ್ಪಬಾರದು. ಅದಕ್ಕೇ ಉಸ್ತಾದರು ಬರೆದು ಮುಗಿಸಿದ ಕೂಡಲೇ ಒಂದು ಮೂಲೆಯಲ್ಲಿ ಹೆಬ್ಬೆರಳು ಒತ್ತಿ ಮಸಿ ಎತ್ತುತ್ತಿದ್ದರು. ತೂರಿಸುವಾಗ ಆ ಗುರುತು ನಮ್ಮ ಬಲಗೈ ಹೆಬ್ಬೆರಳಿನ ಕೆಳಗೆ ಬಂದರೆ ಸರಿ. ಕಣ್ಣು ಮುಚ್ಚಿದರೂ ತಪ್ಪುವುದಿಲ್ಲ.

ಹೀಗಿದ್ದ ಮನುಷ್ಯನಿಗೆ ನಾನು ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

ನಲವತ್ತೆಂಟರ ಬೇಸಿಗೆಯಲ್ಲಿ ಬಂದೂಕು ಹಿಡಿದ, ನಿಜಾಮನ ಕಡೆಯ ನಾಲ್ವರು ರಜಾಕಾರರು ಮಷಿನ್ ಖೋಲಿಗೆ ನುಗ್ಗಿದರು. ಊರವರು ಯಾರೂ ಕಾಂಗ್ರೆಸ್ಸಿನವರಿಗೆ ಅನ್ನ ನೀರು ಕೊಡಬಾರದು ಎಂದು ಗಾಜಿನ ಮೇಲೆ ಬರೆಸಿದರು. ಬಂದೂಕಿನ ನಳಿಗೆ ಉಸ್ತಾದರ ಬೆನ್ನಿಗಿತ್ತು. ಆ ಬಂದೂಕು ಪರದೆಯ ಮೇಲೆ ಯಾರಿಗೂ ಕಾಣಲಿಲ್ಲ, ಅಕ್ಷರ ಮಾತ್ರ ಕಂಡಿತು. ಅವರ ಅಕ್ಷರದ ಗುರುತು ಊರಿಗೆಲ್ಲ ಇತ್ತು.

ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಯಿತು. ಭಾರತದ ಮಿಲಿಟರಿ ಬಂತು, ರಜಾಕಾರರು ಓಡಿದರು. ಅಲ್ಲಿಯವರೆಗೆ ಹೆದರಿ ಬದುಕಿದವರಲ್ಲಿ ಕೆಲವರು ಈಗ ಹೆದರಿಸಲು ಹೊರಟರು. ಕೈಯಲ್ಲಿ ಬಂದೂಕು ಹಿಡಿದವರು ಸಿಗಲಿಲ್ಲ, ಸೂಜಿ ಹಿಡಿದವನು ಸಿಕ್ಕ. ಬಸ್ಸು ನಿಂತು ಉಸ್ತಾದರು ಕಮಲಾಪುರದಲ್ಲೇ ಸಿಕ್ಕಿಬಿದ್ದಿದ್ದರು. ಅವರನ್ನು ಹುಡುಕಿಕೊಂಡು ಒಂದು ಗುಂಪು ಬರುತ್ತಿದೆ ಎಂದು ಒಂದು ಮಧ್ಯಾಹ್ನ ನನಗೆ ತಿಳಿಯಿತು. ಯಾವ ಊರಿನವರು ಎಂದು ಹೇಳುವುದಿಲ್ಲ. ಅದರಲ್ಲಿ ನನಗೆ ಗೊತ್ತಿದ್ದ ಮುಖಗಳೂ ಇದ್ದವು.

ಉಲ್ಟಾ ಬಾಜುವಿನ ಹಿಂದೆ ಒಂದು ಹಳೆಯ ಮೆಟ್ಟಿಲು ಬಾವಿ ಇತ್ತು. ಪರದೆಗೆ ಹೊಡೆಯುವ ನೀರು ಅಲ್ಲಿಂದಲೇ ತರುತ್ತಿದ್ದೆವು. ಮೇಲಿನಿಂದ ಒಂಬತ್ತು ಮೆಟ್ಟಿಲು ಇಳಿದರೆ ಗೋಡೆಯಲ್ಲಿ ಒಬ್ಬ ಮನುಷ್ಯ ಮುದುಡಿ ಕೂಡುವಷ್ಟು ಗೂಡು. ಮೇಲೆ ನಿಂತು ನೋಡಿದರೆ ಕಾಣುವುದಿಲ್ಲ. ಉಸ್ತಾದರನ್ನು ಅಲ್ಲಿ ಕೂರಿಸಿದೆ.

"ಏನ ಸಪ್ಪಳ ಕೇಳಿದ್ರೂ ಹೊರಗ ಬರಬ್ಯಾಡ್ರಿ ಉಸ್ತಾದ್. ಯಾರ ಕರದ್ರೂ ಬರಬ್ಯಾಡ್ರಿ. ನಾ ಬಂದು ಕರೀತೀನಿ, ಆವಾಗ ಬರ್ರಿ."

"ನೀ ಕರಿಯೂತನಕ ಬರಂಗಿಲ್ಲ ಬೇಟಾ. ಜಬಾನ್ ಕೊಟ್ಟೀನಿ," ಎಂದು ಮಾತು ಕೊಟ್ಟರು.

ಗುಂಪು ಬಂತು. ಖೋಲಿ ಹುಡುಕಿದರು, ಸಿಗಲಿಲ್ಲ. ಹೋಗಲೂ ಇಲ್ಲ. ಎಲ್ಲಿಂದಲೋ ದೋಚಿದ ಸಾಮಾನು ತುಂಬಿದ ಬಂಡಿಗಳನ್ನು ಟಾಕೀಸಿನ ಹೊಲದಲ್ಲೇ ಬಿಚ್ಚಿ ಎರಡು ದಿನ ಬೀಡುಬಿಟ್ಟರು. ಎರಡನೆಯ ದಿನ ಮಳೆ ಹಿಡಿಯಿತು. ಎಂಥ ಮಳೆ ಎಂದರೆ ನಮ್ಮ ಮನೆಯ ಮಾಳಿಗೆ ಒಂದು ಕಡೆ ಕುಸಿಯಿತು. ಮೂರನೆಯ ದಿನ ಬೆಳಿಗ್ಗೆ ನಾನು ಎಮ್ಮೆ ಹುಡುಕುವ ನೆಪದಲ್ಲಿ ಬಾವಿಯ ಹತ್ತಿರ ಹೋದೆ. ನೀರು ಮೇಲಿನಿಂದ ನಾಲ್ಕನೆಯ ಮೆಟ್ಟಿಲಿಗೆ ಬಂದಿತ್ತು, ಗೂಡು ಮುಳುಗಿತ್ತು. ಆ ಜನ ಇಪ್ಪತ್ತು ಹೆಜ್ಜೆ ದೂರದಲ್ಲಿ ರೊಟ್ಟಿ ಸುಡುತ್ತಿದ್ದರು. ಬಾಯಿ ತೆರೆದೆ, ಕರೆಯಲಿಲ್ಲ.

ಅಂದು ಮಧ್ಯಾಹ್ನ ಅವರು ಹೋದರು. ಆಮೇಲೂ ನಾನು ಕರೆಯಲಿಲ್ಲ. ಕರೆದು ಉತ್ತರ ಬರದಿದ್ದರೆ ಏನು ಮಾಡಲಿ? ಕರೆಯದಿದ್ದರೆ ಅವರು ಹೇಗೋ ಪಾರಾಗಿ ಹೋಗಿದ್ದಾರೆ ಎಂದುಕೊಂಡು ಉಣ್ಣಬಹುದು, ಮಲಗಬಹುದು. ಹದಿನೈದು ದಿನ ಬೆಳಿಗ್ಗೆ ಸಂಜೆ ಹೋಗಿ ನೋಡಿದೆ. ನೀರಿನ ಮೇಲೆ ಏನೂ ತೇಲಿ ಬರಲಿಲ್ಲ. ಪಾರಾಗಿದ್ದಾರೆ ಎಂದು ಒಂದು ಮನಸ್ಸು ಹೇಳಿತು. ಮಾತಿಗೆ ತಪ್ಪದ ಮನುಷ್ಯ ಗೂಡು ಬಿಟ್ಟು ಬಂದಿಲ್ಲ ಎಂದು ಇನ್ನೊಂದು ಮನಸ್ಸು ಹೇಳಿತು. ನಾನು ಹೇಡಿ. ಅದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ನೀವು ಹೇಳುವ ತ್ರಾಸು ತೆಗೆದುಕೊಳ್ಳಬೇಡಿ.

ಜೋಳದ ರಾಶಿ ಮುಗಿದ ಮೇಲೆ, ನಲವತ್ತೊಂಬತ್ತರ ಫೆಬ್ರವರಿಯಲ್ಲಿ, ಟಾಕೀಸು ಮತ್ತೆ ಶುರುವಾಯಿತು. ಹೊಸ ಅಧಿಕಾರಿ ಒಬ್ಬರು ಬಂದು ಉಲ್ಟಾ ಬಾಜು ಬಂದ್ ಮಾಡಿಸಿದರು, ಎಲ್ಲರೂ ಮುಂದೆಯೇ ಕೂಡಬೇಕು ಎಂದರು. ನಮ್ಮ ಕೇರಿಯವರು ಹೊಸ ಅರಿವೆ ಉಟ್ಟು ಮುಂದೆ ಬಂದು ಕೂತರು. ನಮ್ಮವ್ವ ಅಂಬಮ್ಮ ಒಬ್ಬಳು ಬರಲಿಲ್ಲ. "ಆ ಕಡಿಂದ ನೋಡಿದ್ರ ನನಗ ಏನೂ ತಿಳಿಯಂಗಿಲ್ಲ. ಎಲ್ಲಾರೂ ಬಲಗೈಲೆ ಉಣ್ತಾರ" ಎಂದು ಒಬ್ಬಳೇ ಹಿಂದೆ ಹೋಗಿ ಕೂತಳು. ಹಿಂದೆ ಈಗ ಅವಳು, ಬಾವಿ, ಅಷ್ಟೇ. ಆದರೂ ಪರದೆಗೆ ನೀರು ಹೊಡೆಯುವುದನ್ನು ನಾನು ಬಿಡಲಿಲ್ಲ. ಉಸ್ತಾದರು ಕಲಿಸಿದ್ದು. ನೀರನ್ನೂ ನಾನೇ ತರುತ್ತಿದ್ದೆ, ಬೇರೆಯವರನ್ನು ಬಾವಿಗೆ ಕಳಿಸುತ್ತಿರಲಿಲ್ಲ. ಆಗ ನೀರು ಎಂಟು ಮೆಟ್ಟಿಲು ಕೆಳಗಿತ್ತು. ಗೂಡು ಇನ್ನೂ ಮುಳುಗಿಯೇ ಇತ್ತು.

ಮೊದಲ ಗುರುವಾರವೇ ಕುಲ್ಸುಮ್ ಬಂದರು, ಉಸ್ತಾದರ ಹೆಂಡತಿ. ಕಲಬುರಗಿಯ ಬಸ್ಸಿಳಿದು ನೇರ ಖೋಲಿಗೆ ಬಂದು, ಬುರ್ಖಾದ ಒಳಗಿಂದ ಕರವಸ್ತ್ರದಲ್ಲಿ ಸುತ್ತಿದ ಗಾಜು ತೆಗೆದರು. ಮಸಿ ಹಿಡಿಸಿ ತಾವೇ ಉರ್ದುವಿನಲ್ಲಿ ಬರೆದಿದ್ದರು.

"ಏನ ಬರದೀರಿ ಚಾಚಿ?"

"ಸಿಕಂದರ್ ಆಪರೇಟರ್, ಎಲ್ಲಿದ್ರೂ ಹೊರಗ ಬರ್ರಿ, ಕುಲ್ಸುಮ್ ಗೇಟಿನ್ಯಾಗ ನಿಂತಾಳ ಅಂತ." ನನ್ನ ಮುಖ ನೋಡಿದರು. "ಅವರು ಎಲ್ಲೆ ಅಡಗಿದ್ರೂ ಸಿನಿಮಾ ಬಿಟ್ಟು ಇರಂಗಿಲ್ಲ ಮರೆಪ್ಪ. ಎಲ್ಲ್ಯಾರ ಕುಂತು ನೋಡೇ ನೋಡ್ತಾರ. ಹೆಸರು ಕಂಡ್ರ ಬರ್ತಾರ. ನಿನಗೇನರ ಗೊತ್ತದ ಏನು?"

"ಇಲ್ಲ ಚಾಚಿ," ಎಂದೆ. ಎರಡೇ ಶಬ್ದ. ಎಷ್ಟು ಸಲೀಸಾಗಿ ಬಂತು ಎಂದು ನನಗೇ ಹೇಸಿಗೆಯಾಯಿತು.

ಅವರು ಗೇಟಿಗೆ ಹೋಗಿ ನಿಂತರು. ಗೇಟಿನಿಂದ ಪರದೆ ಕಾಣುತ್ತಿರಲಿಲ್ಲ, ನಡುವೆ ಮಷಿನ್ ಖೋಲಿಯ ಗೋಡೆ ಇತ್ತು. ಗಾಜಿನಲ್ಲಿ ಹೆಬ್ಬೆರಳಿನ ಗುರುತಿರಲಿಲ್ಲ. ಯಾವ ಕಡೆ ಸೀದಾ, ಯಾವ ಕಡೆ ಉಲ್ಟಾ? ಕೇಳಲು ಹೋದರೆ ಮತ್ತೆ ಅವರ ಮುಖ ನೋಡಬೇಕು. ಗಾಜನ್ನು ತಿರುಗಿಸಿ ತಿರುಗಿಸಿ ನೋಡಿ, ಕಣ್ಣಿಗೆ ಯಾವ ಆಕಾರ ರೂಢಿ ಅನಿಸಿತೋ ಹಾಗೆ ತೂರಿಸಿದೆ.

ಅಕ್ಷರ ಪರದೆಯ ಮೇಲೆ ಬಿತ್ತು. ಬಂಡಿಗಳ ಸಾಲಿನಲ್ಲಿ ಎತ್ತುಗಳ ಕೊರಳ ಗಂಟೆ ಒಮ್ಮೆಲೇ ನಿಂತವು. ಮೆಲುಕು ಹಾಕುವುದನ್ನು ಬಿಟ್ಟು ಎಲ್ಲ ಎತ್ತುಗಳೂ ಪರದೆಯ ಕಡೆ ಕತ್ತು ತಿರುಗಿಸಿದ್ದವು. ರೀಲು ಹಾಕಿದ ಮೇಲೆ ಗಂಟೆ ಮತ್ತೆ ಶುರುವಾಯಿತು. ಯಾರೂ ಗೇಟಿಗೆ ಬರಲಿಲ್ಲ. ಕುಲ್ಸುಮ್ ಊರಲ್ಲಿದ್ದ ತಮ್ಮ ಚಿಕ್ಕಮ್ಮನ ಮನೆಯಲ್ಲಿ ಮಲಗಿ ಬೆಳಗಿನ ಬಸ್ಸಿಗೆ ಹೋದರು.

"ಬಾವ್ಯಾಗ ಯಾರೋ ಕೆಮ್ಮಿದ್ರು ನೋಡು," ಎಂದಳು ಅವ್ವ ಮನೆಗೆ ಬಂದು. ಕಪ್ಪೆ ಇರಬೇಕು ಎಂದೆ. "ಕಪ್ಪಿ ಹಂಗ ಕೆಮ್ಮತಾವೇನು?" ಎಂದು ಗದರಿದಳು.

ಎರಡನೆಯ ಗುರುವಾರ ಕುಲ್ಸುಮ್ ಮತ್ತೆ ಬಂದರು. ಅದೇ ಗಾಜು, ಅದೇ ಗೇಟು. ಫೆಬ್ರವರಿಯ ಒಣ ಗಾಳಿಗೆ ಪರದೆ ಅರ್ಧ ಆಟಕ್ಕೆಲ್ಲ ಒಣಗುತ್ತಿತ್ತು. ಆ ದಿನ ಆಟ ಮುಗಿದು ಬಿಚ್ಚಲು ಹೋದರೆ ಕೆಳಗಿನ ಅಂಚು ತೊಯ್ದು ತೊಪ್ಪೆಯಾಗಿತ್ತು, ಹಿಂದಿನ ಕಡೆಯಿಂದ. ಬಾವಿಗೆ ಎದುರಾದಷ್ಟು ಅಗಲಕ್ಕೆ ಮಾತ್ರ.

ಮೂರನೆಯ ಗುರುವಾರದ ಮರುದಿನ ನೀರಿಗೆ ಹೋದಾಗ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳಿದ್ದವು. ನೀರಿನಿಂದ ಮೇಲಕ್ಕೆ ಮೂರು ಮೆಟ್ಟಿಲು ಬಂದು ಅಲ್ಲಿಗೆ ನಿಂತಿದ್ದವು. ಇಳಿದು ಹೋದ ಗುರುತಿರಲಿಲ್ಲ. ಬಿಸಿಲು ಬಿದ್ದ ಕಲ್ಲು, ಆದರೂ ಆರಿರಲಿಲ್ಲ. ಎಡ ಹೆಜ್ಜೆಗೆ ನಾಲ್ಕೇ ಬೆರಳು.

ಕೊಡ ಅಲ್ಲೇ ಬಿಟ್ಟು ಓಡಿಬಂದೆ. ನಾಲ್ಕನೆಯ ವಾರ ಹೆಜ್ಜೆಗಳು ಐದನೆಯ ಮೆಟ್ಟಿಲಿಗೆ ಬಂದವು. ಐದನೆಯ ವಾರ ಏಳಕ್ಕೆ. ನೀರಿನಿಂದ ಮೇಲಿನ ನೆಲಕ್ಕೆ ಇದ್ದದ್ದೇ ಎಂಟು ಮೆಟ್ಟಿಲು.

ಐದನೆಯ ವಾರದ ರಾತ್ರಿ ಅವ್ವ ರೊಟ್ಟಿ ಮುರಿಯುತ್ತ ಸಹಜವಾಗಿ ಹೇಳಿದಳು, "ನಿಮ್ಮ ಉಸ್ತಾದ ಬಂದಾನಲ್ಲೋ. ಬಾವಿ ಮೆಟ್ಟಲ ಮ್ಯಾಲ ಕುಂತು ಸಿನಿಮಾ ನೋಡ್ಲಿಕತ್ತಿದ್ದ. ಮೈಯೆಲ್ಲ ಹಸಿ ಆಗ್ಯಾದಲ್ಲೋ ಅಪ್ಪಾ, ಒಳಗ ಬಾ ಅಂದೆ. ಇನ್ನೂ ಕರದಿಲ್ಲವ್ವ ಅಂದ."

ನಾನು ಉಸ್ತಾದರಿಗೆ ಏನು ಹೇಳಿದ್ದೆ ಎಂಬುದು ಅವ್ವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬಸ್ ನಿಲ್ದಾಣದ ಹತ್ತಿರ ಚಹಾ ಮಾರುವ ಮಹಮ್ಮದ ನನ್ನನ್ನು ಪಕ್ಕಕ್ಕೆ ಕರೆದ. ಆರು ತಿಂಗಳು ಬೀದರದ ಕಡೆ ಹೋಗಿ ತಲೆಮರೆಸಿಕೊಂಡಿದ್ದವನು ಆ ವಾರವಷ್ಟೇ ತಿರುಗಿ ಬಂದಿದ್ದ. ಹಿಂದಿನ ಸಂಜೆ ಸಿನಿಮಾಕ್ಕೂ ಬಂದಿದ್ದ.

"ಮರೆಪ್ಪಾ, ಆ ಗಾಜು ಯಾಕ ಉಲ್ಟಾ ಹಾಕ್ತಿ?"

"ಉಲ್ಟಾ?"

"ಪೂರಾ ಉಲ್ಟಾ. ಮುಂದ ಕುಂತವ್ರು ಓದಾಕ ಆಗಂಗಿಲ್ಲ. ಹಿಂದಿಂದ ಓದಿದ್ರ ಸೀದಾ ಕಾಣ್ತದ."

"ಮತ್ತ ಇಷ್ಟ ದಿನ ಒಬ್ರರ ಹೇಳಬಾರದಾ? ಸಾಲಿ ಕಲತವ್ರು ಎಷ್ಟ ಮಂದಿ ಬರ್ತಾರ!"

ಮಹಮ್ಮದ ಸುತ್ತ ನೋಡಿ ದನಿ ಇಳಿಸಿದ. "ಈಗ ಉರ್ದು ಬರ್ತದ ಅಂತ ಯಾರ ತೋರಸ್ಕೋತಾರೋ? ಮ್ಯಾಲ, ನೀ ಬೇಕಂತನ ಹಾಕ್ತಿ ಅಂತ ತಿಳದಾರ. ಸತ್ತವ್ರನ್ನ ಕರಿಯಾಕ ಉಲ್ಟಾ ಹಾಕ್ತಾನ ಅಂತ ಮಂದಿ ಮಾತಾಡ್ತಾರ."

ಆಗ ನನಗೆ ಎಲ್ಲ ಹೊಳೆಯಿತು. ಐದು ವರ್ಷ ಹಿಂದೆ ಕೂತು ನೋಡಿದ ಕಣ್ಣಿಗೆ ಉಲ್ಟಾ ಅಕ್ಷರವೇ ರೂಢಿ ಎನಿಸಿತ್ತು. ಐದು ಗುರುವಾರ ನಾನು ಆ ಹೆಸರನ್ನು ಬಂಡಿಗಳ ಕಡೆ ಕರೆದೇ ಇರಲಿಲ್ಲ. ಬಾವಿಯ ಕಡೆ ಕರೆದಿದ್ದೆ. ಆಳೆತ್ತರದ ಅಕ್ಷರದಲ್ಲಿ, ಅದೇ ಬಾವಿಯ ನೀರು ಕುಡಿದ ಅರಿವೆಯ ಮೇಲೆ.

ಆರನೆಯ ಗುರುವಾರ ಗಾಜನ್ನು ಸರಿಯಾಗಿ ಹಾಕಿದೆ. ಅವರನ್ನು ಗೇಟಿಗೆ ಕರೆಯಬೇಕು ಎಂದಲ್ಲ, ಎಂಟನೆಯ ಮೆಟ್ಟಿಲು ಹತ್ತಬಾರದು ಎಂದು. ಪರದೆಗೆ ನೀರನ್ನೂ ಹೊಡೆಯಲಿಲ್ಲ. ಎತ್ತುಗಳು ಸುಮ್ಮನೆ ಮೆಲುಕು ಹಾಕಿದವು. ಮರುದಿನ ಬಾವಿಗೆ ಹೋಗಿ ನೋಡಿದರೆ ಮೆಟ್ಟಿಲು ಪೂರ್ತಿ ಒಣಗಿದ್ದವು. ಬದುಕಿದೆ ಎಂದುಕೊಂಡೆ.

ಖೋಲಿಗೆ ಬಂದರೆ ಬಾಗಿಲಲ್ಲಿ ಕುಲ್ಸುಮ್ ಕೂತಿದ್ದರು. ಬೆಳಗಿನ ಬಸ್ಸು ಬಿಟ್ಟಿದ್ದರು. ಅತ್ತು ಅತ್ತು ಕಣ್ಣು ಬಾತಿದ್ದವು.

"ನಿನ್ನೆ ಏನ ಮಾಡಿದಿ ಮರೆಪ್ಪ?"

"ಏನಾಯ್ತು ಚಾಚಿ?"

"ಇಷ್ಟ ವಾರ ಗಾಜು ಹಾಕಿದಾಗೆಲ್ಲ ಗೇಟಿಗೆ ಅವರ ವಾಸನಿ ಬರ್ತಿತ್ತು. ಮೈಗೆ ಹತ್ತಿದ ಮಷಿನ್ನಿನ ಹೊಗಿ, ಬೀಡಿ, ಹಸಿ ಅರಿವಿ. ವಾರಕ್ಕ ವಾರ ಹತ್ರ ಬರ್ತಿತ್ತು. ನಾ ಯಾರಿಗೂ ಹೇಳಲಿಲ್ಲ, ಹುಚ್ಚಿ ಅಂತಾರ. ನಿನ್ನೆ ಬರ್ತಾರ, ಮುಂದ ನಿಲ್ತಾರ ಅಂತ ಹೊಸ ಅರಿವಿ ಹಾಕ್ಕೊಂಡು ನಿಂತಿದ್ದೆ." ಬುರ್ಖಾದ ಅಂಚಿನಿಂದ ಕಣ್ಣೊರೆಸಿಕೊಂಡರು. "ನಿನ್ನೆ ಏನೂ ಬರಲಿಲ್ಲ. ಯಾರೋ ಬಾಗಿಲ ಹಾಕಿದಂಗಾಯ್ತು. ಯಾರ ತಡದ್ರು ಅವರನ್ನ?"

ಆ ಹೆಂಗಸು ಹೆದರಿರಲಿಲ್ಲ. ನಾಲ್ಕು ಬೆರಳಿನ ಹೆಜ್ಜೆ ನೋಡಿ ನಾನು ಓಡಿದ್ದೆ, ಆಕೆ ಅದಕ್ಕಾಗಿ ಹೊಸ ಅರಿವೆ ಉಟ್ಟು ನಿಂತಿದ್ದರು. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಆದರೂ "ಮುಂದಿನ ವಾರ ಬರ್ರಿ ಚಾಚಿ" ಎಂದಷ್ಟೇ ಹೇಳಿದೆ.

ಏಳನೆಯ ಗುರುವಾರ ಪರದೆಗೆ ಮೂರು ಕೊಡ ಹೆಚ್ಚಿಗೆ ನೀರು ಹೊಡೆದೆ. ಮೊದಲ ರೀಲು ಮುಗಿಯಿತು. ಗಾಜನ್ನು ಉಲ್ಟಾ ತೂರಿಸಿ, ಹಾಗೇ ಬಿಟ್ಟು, ಖೋಲಿಗೆ ಬೀಗ ಹಾಕಿ ಇಳಿದೆ. ಬೆಳಕಿನ ಕಾವಿಗೆ ಗಾಜು ಐದು ನಿಮಿಷವೂ ತಡೆಯುವುದಿಲ್ಲ, ಸೀಳುತ್ತದೆ. ಸೀಳಿದರೆ ಸೀಳಲಿ ಎಂದು ಗೇಟಿಗೆ ಹೋದೆ. ಹೆಸರು ಪರದೆಯ ಮೇಲೆ ನಿಂತೇ ಇದ್ದದ್ದಕ್ಕೆ ಬಂಡಿಗಳಿಂದ ಸಿಳ್ಳು ಶುರುವಾಯಿತು. "ಮರೆಪ್ಪಾ, ನಿದ್ದಿ ಹತ್ತಿತೇನೋ?" ಎಂದು ಗುಂಡಣ್ಣ ಸಾಹುಕಾರರು ಕೂಗಿದರು. ನಾನು ಅವರ ಮುಂದೆಯೇ ಕುಲ್ಸುಮರ ಕಾಲಿನ ಹತ್ತಿರ ಕೂತು ಎಲ್ಲ ಹೇಳಿದೆ. ಬಾವಿ, ಗೂಡು, ಮಳೆ, ಎಮ್ಮೆಯ ಸುಳ್ಳು, ಬಾಯಿ ತೆರೆದು ಕರೆಯದೆ ಬಂದದ್ದು, ಉಲ್ಟಾ ಗಾಜು, ಏಳು ಮೆಟ್ಟಿಲು ಹತ್ತಿದ ಹೆಜ್ಜೆ. ಸಾಹುಕಾರರು ಕುರ್ಚಿಯಿಂದ ಎದ್ದವರು ಹಾಗೇ ನಿಂತರು.

ಕುಲ್ಸುಮ್ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ. ಕೇಳಿದ್ದು ಒಂದೇ ಮಾತು.

"ನೀ ಕರದ್ರ ಅಷ್ಟ ಬರಬೇಕು ಅಂದಿದ್ದಿ?"

"ಹೌದು ಚಾಚಿ."

"ಮತ್ತ ನನ್ನ ಗಾಜು ನೋಡಿ ಅವರು ಏಳ ಮೆಟ್ಟಲ ಹತ್ಯಾರಲ್ಲ, ಅದ ಹೆಚ್ಚಾಯ್ತು. ನಿನಗ ಜಬಾನ್ ಕೊಟ್ಟಾರ. ನಡಿ. ಕರಿ."

ಇಬ್ಬರೂ ಗೋಡೆಯ ಹೊರಗಿನಿಂದ ಸುತ್ತಿ ಹಿಂದೆ ಹೋದೆವು. ಅವ್ವ ನಮ್ಮನ್ನು ಕಂಡು ಎದ್ದು ಪಕ್ಕಕ್ಕೆ ಸರಿದಳು. ಪರದೆಯ ಮೇಲೆ ಆ ಹೆಸರು ಸೀದಾ ಇತ್ತು, ಅದರ ಬೆಳಕು ಬಾವಿಯ ಕಟ್ಟೆಯ ಮೇಲೆ ಬಿದ್ದಿತ್ತು. ಆರು ತಿಂಗಳ ಹಿಂದೆ ಎಲ್ಲಿ ನಿಂತು ಬಾಯಿ ತೆರೆದಿದ್ದೆನೋ ಅಲ್ಲೇ ನಿಂತೆ.

"ಉಸ್ತಾದ್! ಸಿಕಂದರ್ ಉಸ್ತಾದ್! ನಾ ಮರೆಪ್ಪ. ಮಂದಿ ಹೋಗ್ಯಾರ. ಇನ್ನ ಹೊರಗ ಬರ್ರಿ."

ಪರದೆಯ ಆಚೆ ಸಿಳ್ಳು ನಿಂತಿತು. ಎಲ್ಲ ಬಂಡಿಗಳ ಎತ್ತುಗಳೂ ಒಟ್ಟಿಗೆ ಎದ್ದು ನಿಂತ ಸಪ್ಪಳ ಕೇಳಿತು. ಬಾವಿಯಲ್ಲಿ ನೀರು ಕದಡಿತು. ಯಾರೂ ಕಾಣಲಿಲ್ಲ. ಮೆಟ್ಟಿಲ ಕಲ್ಲಿನ ಮೇಲೆ ಒಂದರ ಮೇಲೊಂದು ಒದ್ದೆ ಹೆಜ್ಜೆ ಮೂಡುತ್ತ ಬಂದವು. ಆರು. ಏಳು. ಎಂಟು. ಆಮೇಲೆ ಮಣ್ಣಿನ ಮೇಲೆ. ನನ್ನ ಪಕ್ಕದಲ್ಲೇ ದಾಟಿ ಹೋದವು. ನನ್ನ ಮುಂದೆ ನಿಲ್ಲಲಿಲ್ಲ. ಮಷಿನ್ನಿನ ಹೊಗೆ, ಬೀಡಿ, ಹಸಿ ಅರಿವೆ, ಎಲ್ಲ ವಾಸನೆ ಒಮ್ಮೆಲೇ ಬಂತು.

ಕುಲ್ಸುಮರ ಎದುರು ಹೆಜ್ಜೆಗಳು ನಿಂತವು. ಆಕೆ ಮುಖದ ಮೇಲಿನ ಮುಸುಕು ಎತ್ತಿದರು. "ಬಹಳ ತಡಾ ಮಾಡಿದ್ರಿ" ಎಂದರು, ಕೆಲಸದಿಂದ ತಡವಾಗಿ ಮನೆಗೆ ಬಂದವರಿಗೆ ಹೇಳುವ ದನಿಯಲ್ಲಿ. ಆಮೇಲೆ ತಿರುಗಿ ಗೇಟಿನ ಕಡೆ ನಡೆದರು. ಹಿಂದೆ ನೋಡಲಿಲ್ಲ. ನಾನು ಹಿಂದೆಯೇ ಹೋದೆ. ಅವರ ಹೆಜ್ಜೆಯ ಪಕ್ಕದಲ್ಲಿ ಒದ್ದೆ ಹೆಜ್ಜೆ ಮೂಡುತ್ತ ಹೋದವು, ಗೇಟಿನವರೆಗೆ. ಗೇಟಿನ ಆಚೆ ಧೂಳಿನಲ್ಲಿ ಬರೀ ಆಕೆಯ ಹೆಜ್ಜೆಗಳಿದ್ದವು. ಅದನ್ನು ನಾನೊಬ್ಬನೇ ನೋಡಿದ್ದಲ್ಲ, ಗುಂಡಣ್ಣ ಸಾಹುಕಾರರೂ ನೋಡಿದರು. ಅವರು ಸಾಯುವವರೆಗೂ ಅದರ ಬಗ್ಗೆ ಮಾತಾಡಲಿಲ್ಲ.

ಮರುದಿನ ಸಾಹುಕಾರರೇ ಆಳು ಹಚ್ಚಿ ಬಾವಿಯ ನೀರು ಎತ್ತಿಸಿದರು. ಉಸ್ತಾದರು ಗೂಡಿನಲ್ಲೇ ಇದ್ದರು. ಮಂಡಿಗೆ ಕೈ ಕಟ್ಟಿ, ಮೇಲಿನ ಮೆಟ್ಟಿಲುಗಳ ಕಡೆ ಮುಖ ಮಾಡಿ. ಕಲಬುರಗಿಗೆ ಒಯ್ದು ಮಣ್ಣು ಮಾಡಿದೆವು. ಕುಲ್ಸುಮ್ ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಮಾತಾಡಬೇಕಿತ್ತು ಎಂದು ನಾನೂ ಹೇಳುವುದಿಲ್ಲ.

ಆ ಸಂಜೆಯ ಗಾಜಿನ ವಿಷಯ ಉಳಿಯಿತು. ಅವರು ಗೇಟು ದಾಟಿದ ಮೇಲೆ ನಾನು ಖೋಲಿಗೆ ಓಡಿದೆ. ಅರ್ಧ ಗಂಟೆಯಾಗಿತ್ತು, ಗಾಜು ಸೀಳಿ ಚೂರಾಗಿರಬೇಕು. ಸೀಳಿರಲಿಲ್ಲ. ಮುಟ್ಟಿದರೆ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಖೋಲಿಗೆ ನನ್ನ ಬಿಟ್ಟು ಯಾರೂ ಬಂದಿರಲಿಲ್ಲ, ಬೀಗದ ಕೈ ನನ್ನ ಸೊಂಟದಲ್ಲಿತ್ತು. ಗಾಜಿನ ಮೂಲೆಯಲ್ಲಿ, ಏಳು ವಾರ ಖಾಲಿ ಇದ್ದ ಜಾಗದಲ್ಲಿ, ಯಾರೋ ಹೆಬ್ಬೆರಳು ಒತ್ತಿ ಮಸಿ ಎತ್ತಿದ್ದರು. ಇನ್ನೂ ಒದ್ದೆಯಾಗಿತ್ತು. ಗಾಜು ಸೀದಾ ಹಾಕಬೇಕಾದರೆ ನನ್ನ ಬಲಗೈ ಹೆಬ್ಬೆರಳು ಎಲ್ಲಿ ಬರಬೇಕೋ ಸರಿಯಾಗಿ ಅಲ್ಲಿ.

ನನ್ನ ಹೆಬ್ಬೆರಳನ್ನು ಅದರ ಮೇಲೆ ಇಟ್ಟೆ. ಹೊರಗೆ ಜನ ರೀಲು ಹಾಕು ಎಂದು ಮತ್ತೆ ಕೂಗಲು ಶುರು ಮಾಡಿದ್ದರು. ನಾನು ಅಳುತ್ತಲೇ ರೀಲು ಹಾಕಿದೆ.